8 ಸಾವಿರದ ಜಪಾನಿ ಚಾಕು, ಅಜ್ಜಿಯ ಮೆಟ್ಟುಗತ್ತಿ, ಕರಾವಳಿಯ ತುಕ್ಕು

ಅಡುಗೆಮನೆಯಲ್ಲಿ ನಿಂತು ಇದನ್ನ ಕೇಳ್ತಾ ಇದ್ರೆ ಒಳ್ಳೇದೇ ಆಯ್ತು. ಇವತ್ತಿನ ವಿಷಯ ಚಾಕು.

ಹೋದ ಜುಲೈನಲ್ಲಿ ನಾನು ಜಪಾನಿನ ಕೈಕೆಲಸದ ಕಾರ್ಬನ್ ಸ್ಟೀಲ್ ಚಾಕು ತರಿಸಿದೆ. 8 ಸಾವಿರ ರೂಪಾಯಿ. ಕುಮಟಾದ ಮನೆಗೆ ಬಂದ ದಿನವೇ ಅದರಲ್ಲಿ ಬಂಗಡೆ ಕೊಯ್ದು, ಸಿಂಕಿನಲ್ಲಿ ಬಿಟ್ಟು ಮಲಗಿದೆ. ಹೊರಗೆ ಮಳೆ. ಬೆಳಿಗ್ಗೆ ನೋಡಿದ್ರೆ ಅಲಗಿನ ತುಂಬ ಕೆಂಪು ತುಕ್ಕು. ಅಲ್ಲೇ ಮೂಲೆಯಲ್ಲಿ ಅಜ್ಜಿಯ ಮೆಟ್ಟುಗತ್ತಿ, ಇದ್ದಿಲಿನ ಹಾಗೆ ಕಪ್ಪು, ಒಂದು ಚುಕ್ಕಿ ತುಕ್ಕಿಲ್ಲ. ಅಜ್ಜಿ ಕೇಳಿದ್ದು ಒಂದೇ ಮಾತು: "ಒರೆಸಿ ಇಟ್ಟಿದ್ಯಾ?"

ಬೇರೆ ಊರಿನವರಿಗೆ ಹೇಳ್ಬೇಕು, ಮೆಟ್ಟುಗತ್ತಿ ಅಂದ್ರೆ ಈಳಿಗೆಮಣೆ. ಹೊನ್ನಾವರ, ಭಟ್ಕಳದ ಕಡೆ ಈಗಲೂ ಎಷ್ಟೋ ಮನೆಗಳಲ್ಲಿ ತರಕಾರಿ, ಮೀನು, ಹಲಸು ಎಲ್ಲಾ ಇದರಲ್ಲೇ ಹೆಚ್ಚೋದು. ಊರಿನ ಆಚಾರಿ ಕುಲುಮೆಯಲ್ಲಿ ಬಡಿದು ಮಾಡಿದ್ದು. ಅಂದ್ರೆ ಅದೂ ಕೈಕೆಲಸದ ಕಾರ್ಬನ್ ಸ್ಟೀಲೇ! ನನಗೆ ಇದು ಹೊಳೆದದ್ದು 8 ಸಾವಿರ ಕಳೆದ ಮೇಲೆ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತೆ. ಅದು ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿ ತುಕ್ಕನ್ನ ತಡೆಯುತ್ತೆ. ಕಾರ್ಬನ್ ಸ್ಟೀಲಿಗೆ ಆ ಪೊರೆ ಇಲ್ಲ. ಬದಲಿಗೆ ಅದನ್ನ ತುಂಬ ತೆಳ್ಳಗೆ ಮಸೆಯಬಹುದು, ಮೊಂಡಾದ್ರೆ ಕಲ್ಲಿನ ಮೇಲೆ ಬೇಗ ಹರಿತ ಆಗುತ್ತೆ. ಜಪಾನಿನ ಹೆಸರುವಾಸಿ ಉಕ್ಕು ಶಿರೊಗಾಮಿ, ಅಂದ್ರೆ ಬಿಳಿ ಕಾಗದ. ಕಾರ್ಖಾನೆಯಲ್ಲಿ ಸುತ್ತುತ್ತಿದ್ದ ಕಾಗದದ ಬಣ್ಣದಿಂದ ಬಂದ ಹೆಸರು, ಅಷ್ಟೇ. ಅದರ 2ನೇ ನಂಬರಿನಲ್ಲಿ ಕಾರ್ಬನ್ ಹತ್ತಿರ ಹತ್ತಿರ 1.1 ಶೇಕಡಾ. ನಮ್ಮ ಆಚಾರಿಗಳು ಸಾಮಾನ್ಯವಾಗಿ ಬಳಸೋದು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಸುಮಾರು 0.5ರಿಂದ 0.6 ಶೇಕಡಾ.

ಇಲ್ಲೇ ಎಲ್ಲಾ ವ್ಯತ್ಯಾಸ. ಜಪಾನಿನದ್ದು ಗಟ್ಟಿ, ಆದ್ರೆ ಗಾಜಿನ ಸ್ವಭಾವ. ಮೀನಿನ ತಲೆ ಕಡಿದ್ರೆ, ತೆಂಗಿನ ಚಿಪ್ಪಿಗೆ ತಾಗಿದ್ರೆ ಬಾಯಿ ಚಕ್ಕೆ ಏಳುತ್ತೆ. ಲಾರಿ ಪಟ್ಟಿಯದ್ದು ಅಷ್ಟು ಗಟ್ಟಿ ಅಲ್ಲ, ಆದ್ರೆ ಏಟು ತಡ್ಕೊಳ್ಳುತ್ತೆ. ಬೇಗ ಮೊಂಡಾಗುತ್ತೆ, ಮುರಿಯಲ್ಲ. ಈರುಳ್ಳಿ ಕಾಗದದಷ್ಟು ತೆಳುವಾಗಿ ಬೇಕು ಅಂದ್ರೆ ಅದು, ಹಲಸಿನಕಾಯಿ ಸೀಳ್ಬೇಕು ಅಂದ್ರೆ ಇದು. ಒಂದೇ ತಗೊಳ್ಳೋದಾದ್ರೆ, ಕರಾವಳಿಯ ಮನೆಗೆ ನಾನು ಆಚಾರಿಯದ್ದನ್ನೇ ಹೇಳ್ತೀನಿ.

ಆಚಾರಿ ಹತ್ರ ಹೋದಾಗ ಮೊದಲು ಯಾವ ಕಬ್ಬಿಣ ಅಂತ ಕೇಳಿ. ಕಟ್ಟಡದ ಸಾದಾ ಸರಳಿನದ್ದಾದ್ರೆ ಬೇಡ, ಅದು ಹದ ಹಿಡಿಯಲ್ಲ. ಕೆಂಪಗೆ ಕಾಯಿಸಿ ಅದ್ದಿದಾಗ ಗಟ್ಟಿಯಾಗೋಕೆ ಕಾರ್ಬನ್ ಬೇಕು. ಹದ ಆಗಿದ್ಯಾ ಅಂತ ನೋಡೋಕೆ ಅವರ ಹತ್ರಾನೇ ಅರ ಕೇಳಿ: ಬಾಯಿಯ ಮೇಲೆ ಅರ ಜಾರಬೇಕು, ಬೆನ್ನಿನ ಮೇಲೆ ಕಚ್ಚಬೇಕು. ಬೆಳಕಿಗೆ ಹಿಡಿದು ಬಾಯಿ ನೋಡಿ, ಕೂದಲೆಳೆಯಷ್ಟು ಬಿರುಕಿದ್ರೂ ಬಿಟ್ಟುಬಿಡಿ. ವರ್ಷಗಟ್ಟಲೆ ಲಾರಿಯ ಭಾರ ಹೊತ್ತ ಪಟ್ಟಿ ಅದು, ಒಳಗೇ ದಣಿದಿರಬಹುದು. ಮೆಟ್ಟುಗತ್ತಿಯಾದ್ರೆ ಅಲ್ಲೇ ಕೂತು, ಕಾಲಲ್ಲಿ ಮೆಟ್ಟಿ ಅಲುಗಾಡ್ಸಿ ನೋಡಿ. ನಾಚ್ಕೋಬೇಡಿ.

ಈಗ ಆರೈಕೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ, ಜೊತೆಗೆ ಸಮುದ್ರದ ಉಪ್ಪು ಗಾಳಿ. ಜಪಾನಿನ ವಿಡಿಯೋಗಳಲ್ಲಿ 'ಕೆಲಸ ಮುಗಿದ ಮೇಲೆ ಒರೆಸಿ' ಅಂತಾರೆ. ಇಲ್ಲಿ ಅದು ಸಾಲಲ್ಲ, ಹೆಚ್ಚುವಾಗಲೇ ಪಕ್ಕದಲ್ಲಿ ಒಣ ಬಟ್ಟೆ ಇರಬೇಕು. ಮೀನಿನ ನಂತರವಂತೂ ತಕ್ಷಣ ತೊಳೆದು ಒರೆಸಿ. ನಂತರ ಒಂದೇ ಒಂದು ಹನಿ ಕೊಬ್ಬರಿ ಎಣ್ಣೆ, ಬಟ್ಟೆಯಲ್ಲಿ ತೆಳ್ಳಗೆ. ಸೂರ್ಯಕಾಂತಿ ಎಣ್ಣೆ ಹಚ್ಚಿಟ್ರೆ ಕೆಲವು ದಿನಕ್ಕೆ ಅಂಟಾಗುತ್ತೆ. ಪೇಪರಿನಲ್ಲಿ ಸುತ್ತಿಡಬೇಡಿ, ಪೇಪರ್ ತೇವ ಹೀರುತ್ತೆ.

ಕಪ್ಪು ಬೇರೆ, ಕೆಂಪು ಬೇರೆ. ಮಾವಿನಕಾಯಿ, ಈರುಳ್ಳಿ ಹೆಚ್ಚಿದಾಗ ಅಲಗು ನೀಲಿ-ಬೂದು ಬಣ್ಣಕ್ಕೆ ತಿರುಗುತ್ತೆ. ಗಾಬರಿಯಾಗಿ ಉಜ್ಜಬೇಡಿ, ಆ ಪದರವೇ ಕೆಂಪು ತುಕ್ಕನ್ನ ಸ್ವಲ್ಪ ತಡೆಯೋದು. ಅಜ್ಜಿಯ ಕತ್ತಿಯ ಗುಟ್ಟು ಅದೇ, ಎಷ್ಟೋ ವರ್ಷದ ಹುಳಿ ಮತ್ತು ಒಣ ಬಟ್ಟೆ. ಬಾಳೆಕಾಯಿ ಹೆಚ್ಚಿದ್ರೆ ಹೋಳೂ ಕಪ್ಪಾಗುತ್ತಲ್ಲ, ಅದು ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆಗೋದು. ಹಳೇ ಕಾಲದ ಶಾಯಿ ಮಾಡ್ತಿದ್ದದ್ದೂ ಇದೇ ರೀತಿ. ವಿಷ ಅಲ್ಲ. ಕೆಂಪು ಕಂಡ್ರೆ ಮಾತ್ರ ಅಡುಗೆ ಸೋಡಾ ಕಲಸಿ ತೆಂಗಿನ ನಾರಿನಲ್ಲಿ ಉಜ್ಜಿ ತೆಗೀರಿ.

ಮಸೆಯೋಕೆ 1000 ನಂಬರಿನ ನೀರುಕಲ್ಲು ಸಾಕು. ಜಪಾನಿ ಚಾಕುವಿಗೆ ಸುಮಾರು 15 ಡಿಗ್ರಿ ಕೋನ. ಅಂದ್ರೆ ಕಲ್ಲಿನಿಂದ ಚಾಕುವಿನ ಬೆನ್ನು ಕಿರುಬೆರಳಿನ ದಪ್ಪದಷ್ಟು ಮೇಲೆ. ಮೆಟ್ಟುಗತ್ತಿಗೆ ಉಲ್ಟಾ, ಅಲಗು ಮಣೆಗೆ ಕೂತಿರೋದ್ರಿಂದ ಕಲ್ಲನ್ನೇ ಕೈಯಲ್ಲಿ ಹಿಡಿದು ಆಡಿಸ್ಬೇಕು. ಬೀದಿಯಲ್ಲಿ ಬರೋ ಒಣ ಗ್ರೈಂಡರಿಗೆ ಕೊಡೋದಾದ್ರೆ ಪಕ್ಕದಲ್ಲೇ ನಿಂತು, ಆಗಾಗ ನೀರಿಗೆ ಅದ್ದೋಕೆ ಹೇಳಿ. ಬಾಯಿ ನೀಲಿಯಾಯ್ತು ಅಂದ್ರೆ ಬಿಸಿಗೆ ಹದ ಹೋಯ್ತು. ಆ ನೀಲಿ ಭಾಗ ಪೂರ್ತಿ ಸವೆದು ಹೋಗೋವರೆಗೆ ಹರಿತ ನಿಲ್ಲಲ್ಲ.

ಹರಿತ ಇದ್ಯಾ ಅಂತ ನಾನು ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ಮಾರ್ತಾರಲ್ಲ, ಆ ಕುಮಟಾ ಈರುಳ್ಳಿಯಲ್ಲಿ ನೋಡ್ತೀನಿ. ಮೊಂಡು ಬಾಯಿ ಈರುಳ್ಳಿಯನ್ನ ಜಜ್ಜುತ್ತೆ, ರಸ ಹೊರಗೆ ಬರುತ್ತೆ, ಕಣ್ಣು ಉರಿಯುತ್ತೆ. ಆ ಸಿಹಿ ಈರುಳ್ಳಿಗೂ ಅಳು ಬಂದ್ರೆ ಕಲ್ಲು ನೆನೆಸೋ ಹೊತ್ತಾಯ್ತು.

ನನ್ನ ಚಾಕು ಉಳೀತು. ಬೆನ್ನಿನ ಹತ್ರ ನಾಲ್ಕು ಗುಳಿ ಉಳಿದಿವೆ, ಹೋಗಲ್ಲ. ಈಗ ಅದಕ್ಕೆ ಈರುಳ್ಳಿ, ಟೊಮೇಟೊ ಮಾತ್ರ. ಮೀನು ಅಜ್ಜಿಯ ಪಾಲಿಗೆ. ಮೆಟ್ಟುಗತ್ತಿಯ ಮಣೆ ಸ್ವಲ್ಪ ಅಲುಗಾಡ್ತಿದೆ, ಮಳೆ ಶುರುವಾಗೋ ಮೊದಲು ರಿಪೇರಿಗೆ ಒಯ್ಯಬೇಕು. ಕುಲುಮೆಯ ಸದ್ದು ರೆಕಾರ್ಡ್ ಮಾಡೋಕೆ ಆಚಾರಿ ಒಪ್ಪಿದ್ರೆ, ಮುಂದಿನ ಕಂತಿನಲ್ಲಿ ಅದನ್ನೇ ಕೇಳಿಸ್ತೀನಿ.