ಎರಡು ಯಂತ್ರ, ಒಂದು ಧ್ವನಿವರ್ಧಕ

1950ರಲ್ಲಿ ಧಾರವಾಡ, 1963ರಲ್ಲಿ ಸಾಂಗ್ಲಿ ನಿಲಯಗಳು ಆರಂಭವಾಗಲು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶ್ರೋತೃಗಳಿಗೆ ಕನ್ನಡ ಮರಾಠಿಗಳೆರಡೂ ಒಂದೇ ರೇಡಿಯೋವಿನಲ್ಲಿ ದೊರೆತುವು. ಮುಳ್ಳನ್ನು ತಿರುಗಿಸಿದರೆ ಸಾಕಾಗಿತ್ತು. ಆದರೆ ರೇಡಿಯೋವೂ ಟೇಪ್‌ರೆಕಾರ್ಡರೂ ಒಂದೇ ಧ್ವನಿವರ್ಧಕವನ್ನು ಹಂಚಿಕೊಳ್ಳಬೇಕಾದಲ್ಲಿ ಸ್ವಿಚ್ಚು ಅವಶ್ಯಕ. ಎರಡರ ತಂತಿಗಳನ್ನೂ ಒಟ್ಟಿಗೆ ಕಟ್ಟಿದರೆ, ಒಂದರಿಂದ ಹೊರಟ ವಿದ್ಯುತ್ತು ಇನ್ನೊಂದರೊಳಕ್ಕೆ ಹರಿದು ಅದನ್ನು ಸುಟ್ಟೀತು.

ಆದುದರಿಂದ ಸ್ವಿಚ್ಚು ಜೋಡಿ ತಂತಿಗಳನ್ನು ಏಕಕಾಲದಲ್ಲಿ ಬದಲಾಯಿಸುವಂಥದಾಗಿರಬೇಕು. ಒಂದು ಯಂತ್ರದ ಸಂಬಂಧವನ್ನು ಪೂರ್ತಿಯಾಗಿ ಕಡಿದ ಮೇಲೆಯೇ ಇನ್ನೊಂದನ್ನು ಮುಟ್ಟತಕ್ಕದ್ದು. ಒಂದೇ ತಂತಿಯನ್ನು ಬದಲಿಸುವ ಸ್ವಿಚ್ಚು ಸಾಲದು. ಉಳಿದ ತಂತಿಯ ಮೂಲಕ ಯಂತ್ರಗಳು ಕೂಡಿಯೇ ಇರುತ್ತವೆ. ಸ್ವಿಚ್ಚನ್ನು ತಿರುಗಿಸುವ ಮುನ್ನ ಎರಡರ ಧ್ವನಿಯನ್ನೂ ಪೂರ್ತಿಯಾಗಿ ತಗ್ಗಿಸುವುದು ಕ್ಷೇಮ.