ಮಂಗಳ ಗ್ರಹದ ಉಪಗ್ರಹಗಳ ಚಿತ್ರಾಧ್ಯಯನ

ಮಂಗಳ ಗ್ರಹದ ಉಪಗ್ರಹಗಳ ಚಿತ್ರಾಧ್ಯಯನ ಎಂದರೆ ಫೋಬೋಸ್ ಮತ್ತು ಡೀಮೋಸ್ ಎಂಬ ಎರಡು ಸಣ್ಣ ಉಪಗ್ರಹಗಳ ಗಾತ್ರ, ಆಕಾರ, ಮೇಲ್ಮೈ ಹಾಗೂ ಚಲನೆಯನ್ನು ಬಾಹ್ಯಾಕಾಶ ನೌಕೆಗಳು ತೆಗೆದ ಚಿತ್ರಗಳಿಂದ ತಿಳಿಯುವ ಕಾರ್ಯ. ಭಾರತದ ಮಂಗಳಯಾನವೂ ಇದರಲ್ಲಿ ಪಾಲ್ಗೊಂಡಿತ್ತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ ಈ ನೌಕೆಯೊಡನೆ ಸಂಪರ್ಕವನ್ನು ನಿರ್ವಹಿಸುತ್ತಿತ್ತು.

ಹಿನ್ನೆಲೆ

ಅಮೆರಿಕದ ಖಗೋಳಜ್ಞ ಆಸಫ್ ಹಾಲ್ 1877ರ ಆಗಸ್ಟ್ ತಿಂಗಳಲ್ಲಿ ಈ ಎರಡೂ ಉಪಗ್ರಹಗಳನ್ನು ಕಂಡುಹಿಡಿದನು. ಗ್ರೀಕ್ ಭಾಷೆಯಲ್ಲಿ ಇವುಗಳ ಹೆಸರಿಗೆ ಭಯ, ದಿಗಿಲು ಎಂಬ ಅರ್ಥಗಳಿವೆ. ದೂರದರ್ಶಕದಲ್ಲಿ ಇವು ಬೆಳಕಿನ ಚುಕ್ಕೆಗಳಷ್ಟೇ ಆಗಿದ್ದವು. 1971ರಲ್ಲಿ ಮಂಗಳವನ್ನು ತಲುಪಿದ ಮ್ಯಾರಿನರ್-9 ನೌಕೆಯ ಚಿತ್ರಗಳಲ್ಲಿ ಅವು ಕುಳಿಗಳಿಂದ ತುಂಬಿದ, ಆಲೂಗಡ್ಡೆಯಂತೆ ವಕ್ರವಾದ ಕಾಯಗಳೆಂದು ಸ್ಪಷ್ಟವಾಯಿತು. ಫೋಬೋಸ್‌ನ ಅತಿ ದೊಡ್ಡ ಕುಳಿಗೆ ಹಾಲ್‌ನ ಪತ್ನಿಯ ತವರುಮನೆತನದ ಹೆಸರಾದ ಸ್ಟಿಕ್ನಿ ಎಂಬುದನ್ನು ಇಡಲಾಗಿದೆ. ಅದರ ವ್ಯಾಸ ಸುಮಾರು 9 ಕಿ.ಮೀ.

ಗಾತ್ರ ಮತ್ತು ಚಿತ್ರದ ಸೂಕ್ಷ್ಮತೆ

ಫೋಬೋಸ್‌ನ ಅತಿ ಉದ್ದದ ಅಳತೆ ಸುಮಾರು 27 ಕಿ.ಮೀ.; ಡೀಮೋಸ್‌ನದು ಸುಮಾರು 15 ಕಿ.ಮೀ. ಬೀದರ ನಗರದಿಂದ ಭಾಲ್ಕಿಗೆ ನೇರ ಗೆರೆಯಲ್ಲಿ ಸುಮಾರು 35 ಕಿ.ಮೀ., ಔರಾದಕ್ಕೆ ಅದಕ್ಕಿಂತ ತುಸು ಹೆಚ್ಚು. ಅಂದರೆ ಫೋಬೋಸ್‌ನ ಒಂದು ತುದಿಯನ್ನು ಬೀದರಿನಲ್ಲಿರಿಸಿದರೆ ಇನ್ನೊಂದು ತುದಿ ಭಾಲ್ಕಿಯನ್ನು ಮುಟ್ಟದು. ಇಷ್ಟು ಸಣ್ಣ ಕಾಯವನ್ನು ಸಾವಿರಾರು ಕಿಲೋಮೀಟರ್ ದೂರದಿಂದ ನೋಡಬೇಕಾಗುತ್ತದೆ.

ಮಂಗಳಯಾನದ ವರ್ಣ ಕ್ಯಾಮೆರಾ 2020ರ ಜುಲೈ 1ರಂದು ಫೋಬೋಸ್‌ನಿಂದ ಸುಮಾರು 4,200 ಕಿ.ಮೀ. ದೂರದಲ್ಲಿದ್ದಾಗ ಅದರ ಚಿತ್ರವನ್ನು ತೆಗೆಯಿತು. ಆ ಚಿತ್ರದ ಒಂದು ಬಿಂದು 210 ಮೀಟರ್ ನೆಲಕ್ಕೆ ಸಮ. ಅದೇ ಕ್ಯಾಮೆರಾ ಅಷ್ಟೇ ದೂರದಿಂದ ಬೀದರನ್ನು ನೋಡಿದ್ದರೆ ಕೋಟೆಯು ಆರೇಳು ಬಿಂದುಗಳ ಉದ್ದದ ಕಲೆಯಾಗಿ ಕಾಣುತ್ತಿತ್ತು. ಮಹಮೂದ್ ಗವಾನನ ಮದರಸಾ ಒಂದೇ ಬಿಂದುವಿನೊಳಗೆ ಅಡಗಿಹೋಗುತ್ತಿತ್ತು. ಆದರೂ ಆ ಚಿತ್ರದಲ್ಲಿ ಸ್ಟಿಕ್ನಿಯಲ್ಲದೆ ಶ್ಕ್ಲೋವ್‌ಸ್ಕಿ, ರೋಶ್, ಗ್ರಿಲ್‌ಡ್ರಿಗ್ ಎಂಬ ಕುಳಿಗಳನ್ನೂ ಗುರುತಿಸಲಾಯಿತು. ಬಿಂದುಗಳು ಒರಟಾಗಿದ್ದರೂ ನೆರಳು ನೆರವಿಗೆ ಬರುತ್ತದೆ: ಸೂರ್ಯನ ಬೆಳಕು ಓರೆಯಾಗಿ ಬೀಳುವಾಗ ಕುಳಿಯ ಅಂಚಿನ ನೆರಳಿನ ಉದ್ದವನ್ನು ಅಳೆದು, ಸೂರ್ಯನ ಕೋನವನ್ನು ಸೇರಿಸಿ ಲೆಕ್ಕ ಹಾಕಿದರೆ ಆಳ ತಿಳಿಯುತ್ತದೆ. ನೇರ ಬಿಸಿಲಿನ ಚಿತ್ರ ಕಣ್ಣಿಗೆ ಬೆಳಗಿದರೂ ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ.

ಕಕ್ಷೆಯ ಮಹತ್ವ

ಭೂಮಿಗೆ ಚಂದ್ರನಿರುವಂತೆ, ಮಂಗಳಕ್ಕೆ ಈ ಎರಡೂ ಉಪಗ್ರಹಗಳು ಸದಾ ಒಂದೇ ಮುಖವನ್ನು ತೋರುತ್ತವೆ. ಡೀಮೋಸ್ ಮಂಗಳದ ಕೇಂದ್ರದಿಂದ ಸುಮಾರು 23,460 ಕಿ.ಮೀ. ದೂರದಲ್ಲಿ ಸುತ್ತುತ್ತದೆ. ಗ್ರಹದ ನೆಲಕ್ಕೆ ಸಮೀಪವಾಗಿ ಸುತ್ತುವ ನೌಕೆ ಎಷ್ಟೇ ಉತ್ತಮ ಕ್ಯಾಮೆರಾ ಹೊತ್ತಿದ್ದರೂ ಅದಕ್ಕೆ ಕಾಣುವುದು ಡೀಮೋಸ್‌ನ ಒಳಮುಖವೇ. ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಸೇರಿದ ಕಕ್ಷೆಯು ಬಹಳ ಉದ್ದನೆಯದು: ಒಂದು ತುದಿ ಮಂಗಳದಿಂದ 421.7 ಕಿ.ಮೀ., ಇನ್ನೊಂದು ತುದಿ ಸುಮಾರು 77,000 ಕಿ.ಮೀ. ಹೀಗಾಗಿ ಅದು ಡೀಮೋಸ್‌ನ ಕಕ್ಷೆಯನ್ನು ದಾಟಿ ಹೊರಗೆ ಹೋಗಿ, ಹಿಂದಿರುಗಿ ನೋಡಿ, ಅದರ ಹೊರಮುಖದ ಚಿತ್ರಗಳನ್ನು ತೆಗೆಯಲು ಸಾಧ್ಯವಾಯಿತು. ಆ ಕಕ್ಷೆಯನ್ನು ಉಪಗ್ರಹಗಳಿಗೆಂದು ಆರಿಸಿದ್ದಲ್ಲ. ಅದನ್ನು ನಿರ್ಧರಿಸಿದ್ದು ಮುಖ್ಯವಾಗಿ ಇಂಧನದ ಮಿತಿ. ಮಂಗಳದ ಪೂರ್ಣ ಬಿಂಬವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದ ಅದರ ಚಿತ್ರಗಳು ಹೆಚ್ಚು ಪ್ರಸಿದ್ಧವಾದರೂ, ಡೀಮೋಸ್‌ನ ಮಂಕಾದ ಹೊರಮುಖದ ಚಿತ್ರಗಳು ಅವುಗಳಿಗಿಂತ ವಿರಳವಾದ ಸಂಗ್ರಹ.

ಆಕಾರದಿಂದ ಸಾಂದ್ರತೆಗೆ

ಒಂದು ಉಪಗ್ರಹವನ್ನು ಎಲ್ಲ ಬದಿಗಳಿಂದ ನೋಡಬೇಕೇಕೆ? ಹಲವು ದಿಕ್ಕಿನ ಚಿತ್ರಗಳಲ್ಲಿ ಒಂದೇ ಕುಳಿಯನ್ನು ಗುರುತಿಸಿ, ಅದರ ಸ್ಥಾನವನ್ನು ಲೆಕ್ಕಿಸಿ, ಆಕಾರದ ಮಾದರಿಯನ್ನು ಕಟ್ಟುತ್ತಾರೆ. ಮಾದರಿಯಿಂದ ಘನಗಾತ್ರ ದೊರೆಯುತ್ತದೆ. ಕಾಣದ ಬದಿಯನ್ನು ಊಹಿಸಿದರೆ ಲೆಕ್ಕ ಕೆಡುತ್ತದೆ. ಉದ್ದ, ಅಗಲ, ಎತ್ತರಗಳಲ್ಲಿ ಶೇ. 1ರಷ್ಟು ತಪ್ಪಿದರೂ ಘನಗಾತ್ರ ಸುಮಾರು ಶೇ. 3ರಷ್ಟು ತಪ್ಪುತ್ತದೆ. ದ್ರವ್ಯರಾಶಿಯನ್ನು ಚಿತ್ರ ಹೇಳಲಾರದು. ಉಪಗ್ರಹದ ಸಮೀಪ ಹಾದುಹೋಗುವ ನೌಕೆಯ ವೇಗದಲ್ಲಾಗುವ ಅಲ್ಪ ಬದಲಾವಣೆಯನ್ನು ರೇಡಿಯೊ ಸಂಕೇತಗಳಿಂದ ಅಳೆದು ಅದನ್ನು ತಿಳಿಯುತ್ತಾರೆ. ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ ಹೀಗೆ ಫೋಬೋಸ್‌ನ ದ್ರವ್ಯರಾಶಿಯನ್ನು ನಿಖರಗೊಳಿಸಿತು. ಎರಡನ್ನೂ ಕೂಡಿಸಿದಾಗ ಸಾಂದ್ರತೆ ನೀರಿನ ಸುಮಾರು 1.9 ಪಟ್ಟು ಮಾತ್ರ ಎಂದು ತಿಳಿದುಬಂತು. ಬೀದರ ಸೀಮೆಯ ಕರಿಕಲ್ಲಿನ ಸಾಂದ್ರತೆ ನೀರಿನ ಸುಮಾರು 3 ಪಟ್ಟು. ಆದುದರಿಂದ ಫೋಬೋಸ್‌ನ ಒಳಗೆ ಸಾಕಷ್ಟು ಪೊಳ್ಳು ಇರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಅದು ಮಂಗಳದ ಸೆಳೆತಕ್ಕೆ ಸಿಕ್ಕಿದ ಕ್ಷುದ್ರಗ್ರಹವೋ, ಮಂಗಳಕ್ಕಾದ ಭಾರೀ ಅಪ್ಪಳಿಕೆಯ ಚೂರುಗಳು ಕೂಡಿಕೊಂಡು ಆದದ್ದೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ.

ದತ್ತಾಂಶ

ಮಂಗಳಯಾನದ ಸಂಪರ್ಕ 2022ರಲ್ಲಿ ಕಡಿದುಹೋಯಿತು. ಅದರ ಮೊದಲ ವರ್ಷದ ದತ್ತಾಂಶವನ್ನು ಇಸ್ರೋ 2016ರ ಸೆಪ್ಟೆಂಬರ್‌ನಲ್ಲಿಯೇ ಸಾರ್ವಜನಿಕರಿಗೆ ತೆರೆದಿತ್ತು. ಇದನ್ನು ಕಾಪಾಡುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ಬ್ಯಾಲಾಳುವಿನಲ್ಲಿಯೇ ಇದೆ.