ಹೊಳೆಯ ಮೀನಿಗೆ ಮೊದಲ ಗಾಳ

ಹೊಸದಾಗಿ ಗಾಳ ಹಿಡಿಯುವವರು ಹೆಚ್ಚು ಹಣ ವೆಚ್ಚಮಾಡಬೇಕಾಗಿಲ್ಲ. ಹತ್ತು ಹನ್ನೆರಡು ಅಡಿಯ ಒಣಗಿದ ಬಿದಿರುಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಬೆಂಡು, ಸೀಸದ ಗುಂಡು, ಕೊಕ್ಕೆ, ಎರೆಹುಳು: ಇಷ್ಟಿದ್ದರೆ ಸಾಕು.

ಸಂಸ್ಕೃತದವರು ‘ಬಡಿಶ’ವೆಂದ ಕೊಕ್ಕೆಯೇ ಇಲ್ಲಿ ಮುಖ್ಯ. ಅಂಗಡಿಯಲ್ಲಿ ಕೊಳ್ಳುವಾಗ 10ನೆಯ ಸಂಖ್ಯೆಯದು 6ನೆಯದಕ್ಕಿಂತ ಚಿಕ್ಕದೆಂಬುದು ನೆನಪಿರಲಿ. ಸಣ್ಣ ಮೀನಿಗೆ ಚಿಕ್ಕದೇ ಯುಕ್ತ. ನೈಲಾನ್ ಗಂಟನ್ನು ಒದ್ದೆಮಾಡಿ ಬಿಗಿಯಿರಿ. ಒಣಗಂಟು ತಿಕ್ಕಾಟದ ಕಾವಿಗೆ ಬಲಗುಂದುತ್ತದೆ. ಬೆಂಡಿನ ತುದಿಯಷ್ಟೇ ನೀರಿನ ಮೇಲೆ ತೋರುವಂತೆ ಸೀಸ ಕಟ್ಟಿರಿ. ಬೆಂಡು ಬಹಳ ತೇಲಿದರೆ ಮೀನು ಎಳೆತವನ್ನರಿತು ಎರೆಯನ್ನು ಉಗುಳೀತು. ಚನ್ನರಾಯಪಟ್ಟಣದ ಕಡೆಯವರು ಮೊದಲು ಕೆರೆಯ ನಿಂತ ನೀರಿನಲ್ಲಿ ಇದನ್ನು ಪರೀಕ್ಷಿಸಬಹುದು.

ಆದರೆ ಸಲಕರಣೆಗಿಂತ ಎಚ್ಚರ ದೊಡ್ಡದು. ಗೊರೂರಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆನರಸೀಪುರದ ಬಳಿ ಹೇಮಾವತಿ ಏರುತ್ತಾಳೆ. ಆದ್ದರಿಂದ ಹೊಳೆಯ ನಡುಬಂಡೆಯ ಮೇಲೆ ಎಂದೂ ಕೂಡಬೇಡಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳು ಸಂರಕ್ಷಿತವಾದವು; ಅಲ್ಲಿ ಗಾಳ ಸಲ್ಲದು. ಬೇರೆಡೆಗಳಿಗೂ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಹೋಗತಕ್ಕದ್ದು. ಹರಿದ ದಾರವನ್ನು ದಡದಲ್ಲಿ ಬಿಡಬೇಡಿ. ನೈಲಾನ್ ಬೇಗ ಕೊಳೆಯದು. ಹಕ್ಕಿಗಳ ಕಾಲಿಗೆ ಅದೇ ಉರುಳಾದೀತು.